ಹೆಸರಿನೊಳಗಿನ ಮಣ್ಣು

ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿ ದಾಟಿ ಬಾಬಾಬುಡನ್‌ಗಿರಿ ಶ್ರೇಣಿಯನ್ನೇರಿದರೆ ಸುಮಾರು 1,434 ಮೀಟರ್ ಎತ್ತರದಲ್ಲಿ ಸಿಗುವ ಗಿರಿಧಾಮ ಕೆಮ್ಮಣ್ಣುಗುಂಡಿ. ಇಂಗ್ಲಿಷ್ ಫಲಕ ನೋಡಿ ಓದುವವರ ಬಾಯಲ್ಲಿ ಇದು ‘ಕೆಮ್ಮನಗುಂಡಿ’. ಪ್ರವಾಸ ಹೊರಟ ಮಕ್ಕಳು ಕೆಮ್ಮಿಗೂ ಈ ಊರಿಗೂ ನಂಟು ಹಾಕಿ ನಗುವುದುಂಟು. ನಗಲಿ. ಆದರೆ ಆ ಉಚ್ಚಾರದಲ್ಲಿ ಹೆಸರಿನೊಳಗಿನ ಮಣ್ಣೇ ಮಾಯವಾಗುತ್ತದೆ!

ಬಿಡಿಸಿ ನೋಡೋಣ. ಕೆಂಪು ಮಣ್ಣು ‘ಕೆಮ್ಮಣ್ಣು’. ಅದು ಸಿಗುವ ಗುಂಡಿ ಕೆಮ್ಮಣ್ಣುಗುಂಡಿ. (ಅಂಗಿಯ ಗುಂಡಿಗೂ ಇದಕ್ಕೂ ಸಂಬಂಧವಿಲ್ಲ.) ಸಮಾಸದಲ್ಲಿ ‘ಕೆಂಪು’ವಿನ ಕೊನೆಯ ‘ಪು’ ಬಿದ್ದು, ಉಳಿದದ್ದು ಮುಂದಿನ ಅಕ್ಷರಕ್ಕೆ ಹೊಂದಿಕೊಳ್ಳುತ್ತದೆ: ಕೆಂಗಣ್ಣು, ಕೆಂದಾವರೆ, ಕೆನ್ನಾಲಗೆ.

ಇದೇ ಮಣ್ಣು ತಮಿಳಿನಲ್ಲಿ ‘ಸೆಮ್ಮಣ್’, ಮಲಯಾಳದಲ್ಲಿ ‘ಚೆಮ್ಮಣ್ಣ್’. ನಮ್ಮ ಕಿವಿ ತಮಿಳಿನಲ್ಲಿ ‘ಸೆವಿ’, ತೆಲುಗಿನಲ್ಲಿ ‘ಚೆವಿ’; ನಮ್ಮ ಕೇರಿ ತಮಿಳಿನಲ್ಲಿ ‘ಸೇರಿ’. ಮೂಲದ್ರಾವಿಡದಲ್ಲಿ ಇದ್ದದ್ದು ‘ಕ’ಕಾರವೇ ಎನ್ನುತ್ತಾರೆ ಭಾಷಾವಿಜ್ಞಾನಿಗಳು. ‘ಕ’ ಎಂದು, ಬಳಿಕ ‘ಕಿ’ ಎಂದು ಹೇಳಿ ನೋಡಿ. ಎರಡನೆಯದರಲ್ಲಿ ನಾಲಗೆ ಮುಂದಕ್ಕೆ ಸರಿಯುತ್ತದೆ. ಇನ್ನೂ ಸರಿದರೆ ‘ಚ’ ಆಗುತ್ತದೆ. ಸೋದರ ಭಾಷೆಗಳಲ್ಲಿ ಹಾಗೆ ಸರಿಯಿತು, ಕನ್ನಡದಲ್ಲಿ ಸರಿಯಲಿಲ್ಲ. ಅಂದರೆ ಈ ಊರಿನ ಹೆಸರಿನ ಮೊದಲ ಅಕ್ಷರದಲ್ಲಿ ಬಹು ಹಳೆಯ ಧ್ವನಿಯೊಂದು ಉಳಿದಿದೆ. ವ್ಯಾಕರಣ ಒಣ ವಿಷಯ ಎನ್ನುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಇನ್ನು ಮಣ್ಣಿನ ಕೆಂಪು. ಮಲೆನಾಡಿನ ಜಡಿಮಳೆ ಶಿಲೆಯಲ್ಲಿನ ಸುಣ್ಣದಂಶ, ಸಿಲಿಕಾಗಳನ್ನು ಕಾಲಾಂತರದಲ್ಲಿ ತೊಳೆದೊಯ್ಯುತ್ತದೆ. ಸುಲಭವಾಗಿ ಕರಗದ ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡುಗಳು ಉಳಿಯುತ್ತವೆ. ಕಬ್ಬಿಣದ ಆಕ್ಸೈಡಾದ ಹೆಮಟೈಟ್ ಪುಡಿಯ ಬಣ್ಣ ಕೆಂಪು. ಮನೆಯ ಗೋಡೆಗೂ ತುಳಸಿಕಟ್ಟೆಗೂ ಅಜ್ಜಿಯರು ಬಳಿಯುತ್ತಿದ್ದ ಕೆಮ್ಮಣ್ಣಿಗೆ ಬಣ್ಣ ಕೊಟ್ಟದ್ದೂ ಇಂಥ ಆಕ್ಸೈಡೇ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋದದ್ದು ಈ ಬೆಟ್ಟದಿಂದಲೇ. ಅದಿರಿನ ಸುಳಿವನ್ನು ಹೆಸರೇ ಕೊಡುತ್ತಿತ್ತು! ‘ಕೆಮ್ಮನಗುಂಡಿ’ ಎಂದರೆ ಆ ಸುಳಿವೂ ಹೋಯಿತು.

ಕಬ್ಬಿಣದ ಆಕ್ಸೈಡಿನೊಡನೆ ನೀರಿನಂಶ ಕೂಡಿದ್ದರೆ ಮಣ್ಣು ಹಳದಿಯಾಗಿ ಕಾಣುತ್ತದೆ. ಅಂಥ ಮಣ್ಣು ಸಿಕ್ಕರೆ ಹಿರಿಯರ ಎದುರಿನಲ್ಲಿ ಹಳೆಯ ಕಬ್ಬಿಣದ ಬಾಣಲೆಯಲ್ಲಿ ಹಾಕಿ ಚೆನ್ನಾಗಿ ಕಾಯಿಸಿ. ನೀರಿನಂಶ ಹೋದಂತೆ ಹಳದಿ ಮಣ್ಣು ಕೆಮ್ಮಣ್ಣಾಗುತ್ತದೆ.