ಐಸ್ ಗಡ್ಡೆಯ ಹುಟ್ಟು, ಕರಗು

ಕೊಳ್ಳೇಗಾಲ, ಯಳಂದೂರು, ಹನೂರು ಸೀಮೆಯ ಪೇಟೆಗಳಲ್ಲಿ ನೀರು ತಾನಾಗಿ ಹೆಪ್ಪುಗಟ್ಟುವಷ್ಟು ಚಳಿ ಬೀಳುವುದಿಲ್ಲ. ಕಬ್ಬಿನ ಹಾಲಿಗೂ ಮೀನಿನ ಪೆಟ್ಟಿಗೆಗೂ ಬೀಳುವ ಐಸ್ ಯಂತ್ರದಿಂದಲೇ ಹುಟ್ಟಬೇಕು.

ಯಂತ್ರಕ್ಕೆ ಮೊದಲು ಐಸ್ ಹಡಗಿನಲ್ಲಿ ಬರುತ್ತಿತ್ತು. 1833ರಲ್ಲಿ ಬಾಸ್ಟನ್ನಿನಿಂದ ಹೊರಟ ‘ಟಸ್ಕನಿ’ ನಾಲ್ಕು ತಿಂಗಳಲ್ಲಿ ಕಲ್ಕತ್ತೆ ಮುಟ್ಟಿತು. ಹೇರಿದ್ದ 180 ಟನ್ನಿನಲ್ಲಿ ಉಳಿದದ್ದು ಸುಮಾರು 100. ಹೀಗೆ ಬಂದ ಐಸ್ ಕೂಡಿಡುವ ಮದ್ರಾಸಿನ ಐಸ್ ಹೌಸ್ ಎದ್ದದ್ದು 1842ರಲ್ಲಿ. ಕೊಳ್ಳೇಗಾಲ ಆಗ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ಶತಮಾನದ ಉತ್ತರಾರ್ಧದಲ್ಲಿ ಶೈತ್ಯ ಯಂತ್ರಗಳು ರೂಪುಗೊಂಡವು. ಅವನ್ನು ಓಡಿಸಬಲ್ಲ ವಿದ್ಯುತ್ತು 1902ರಲ್ಲಿ ಕೊಳ್ಳೇಗಾಲದ ಮಗ್ಗುಲಿನ ಶಿವನಸಮುದ್ರದಲ್ಲಿ ಹುಟ್ಟಿ, ಮೊದಲು ಕೋಲಾರದ ಚಿನ್ನದ ಗಣಿಗೆ ಹರಿಯಿತು.

ಐಸ್ ಫ್ಯಾಕ್ಟರಿಯ ತೊಟ್ಟಿಯಲ್ಲಿರುವುದು ಉಪ್ಪುನೀರು. ಕೊಳವೆಗಳೊಳಗೆ ಆವಿಯಾಗುವ ಅಮೋನಿಯಾ ಅದರ ಶಾಖ ಹೀರಿ, ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗಿಳಿಸುತ್ತದೆ. ಉಪ್ಪಿನಿಂದಾಗಿ ಅದು ಮಾತ್ರ ಗಟ್ಟಿಯಾಗದು. ಸಿಹಿನೀರು ತುಂಬಿದ ಲೋಹದ ಡಬ್ಬಗಳನ್ನು ಅದರಲ್ಲಿ ಮುಳುಗಿಸುತ್ತಾರೆ. 30 ಡಿಗ್ರಿಯ ಒಂದು ಕೆಜಿ ನೀರು ಸೊನ್ನೆಗಿಳಿಯಲು 125 ಕಿಲೋಜೂಲ್ ಶಾಖ ಬಿಟ್ಟುಕೊಡಬೇಕು. ಸೊನ್ನೆಯಲ್ಲೇ ಗಟ್ಟಿಯಾಗಲು ಮತ್ತೆ 334.

ಗಡ್ಡೆ ಡಬ್ಬದ ಗೋಡೆಯಿಂದ ಒಳಮುಖವಾಗಿ ಬೆಳೆಯುತ್ತದೆ. ಒಳಗಿನ ಶಾಖ ಆಗಲೇ ಕಟ್ಟಿದ ಐಸ್ ದಾಟಿ ಹೊರಬರಬೇಕಾದ್ದರಿಂದ ಪದರ ದಪ್ಪವಾದಷ್ಟೂ ಕೆಲಸ ನಿಧಾನ: ದಪ್ಪ ಎರಡರಷ್ಟಾದರೆ ಸಮಯ ಸುಮಾರು ನಾಲ್ಕರಷ್ಟು. ಹರಳುಗಟ್ಟುವ ನೀರು ತನ್ನಲ್ಲಿ ಕರಗಿದ್ದ ಗಾಳಿ, ಲವಣಗಳನ್ನು ಮುಂದಕ್ಕೆ ತಳ್ಳುತ್ತದೆ. ಅವು ಕೊನೆಗೆ ನಡುವಿನಲ್ಲಿ ಸಿಕ್ಕಿಬಿದ್ದು ಬಿಳಿ ತಿರುಳಾಗುತ್ತವೆ. ಗಾಳಿ ಊದಿ ನೀರನ್ನು ಕದಡುತ್ತಿದ್ದರೆ ಗಡ್ಡೆ ತಿಳಿಯಾಗುತ್ತದೆ. ಗಟ್ಟಿಯಾದ ನೀರು ಶೇ 9ರಷ್ಟು ಹಿಗ್ಗುವುದರಿಂದ ಡಬ್ಬವನ್ನು ಕಂಠಮಟ್ಟ ತುಂಬುವುದಿಲ್ಲ.

ಕರಗುವುದು ಇದೇ ಲೆಕ್ಕದ ಮರುಪಾವತಿ. ಶಾಖ ಮೈಯಿಂದ ಒಳನುಗ್ಗುತ್ತದೆ. ಘನಾಕೃತಿಯ ಗಡ್ಡೆಯನ್ನು ಎಂಟು ಸಮ ತುಂಡು ಮಾಡಿದರೆ ಮೈ ಇಮ್ಮಡಿಯಾಗುತ್ತದೆ; ಕರಗುವುದೂ ಬೇಗ. ಲಡಾಖಿನಲ್ಲಿ ಎಂಜಿನಿಯರ್ ಸೋನಮ್ ವಾಂಗ್ಚುಕ್ ಬೇಸಾಯಕ್ಕೆ ನೀರು ಕೂಡಿಡಲು 2013–14ರ ಚಳಿಗಾಲದಲ್ಲಿ ಕಟ್ಟಿದ ಐಸ್ ಸ್ತೂಪ ಶಂಕುವಿನಾಕಾರ ತಾಳಿದ್ದೂ ಮೈ ಕಡಿಮೆಯಾಗಲೆಂದೇ: ಅಷ್ಟೇ ನೀರು ತೆಳುವಾಗಿ ಹರಡಿದ್ದರೆ ಬಿಸಿಲಿಗೆ ಒಡ್ಡುವ ಮೈ ಇನ್ನೂ ಹೆಚ್ಚಾಗುತ್ತಿತ್ತು. ತೇವದ ಗಾಳಿಯೂ ಐಸಿಗೆ ಶತ್ರು. ಗಡ್ಡೆಯ ಮೇಲೆ ಒಂದು ಗ್ರಾಂ ಆವಿ ನೀರಾದರೆ ಏಳು ಗ್ರಾಂ ಐಸ್ ಕರಗಿಸುವಷ್ಟು ಶಾಖ ಬಿಡುತ್ತದೆ.

ಭತ್ತದ ಹೊಟ್ಟು, ಮರದ ಪುಡಿ, ಗೋಣಿತಾಟು ತಮ್ಮೊಳಗೆ ಗಾಳಿ ಹಿಡಿದಿಟ್ಟು ಶಾಖದ ದಾರಿಯನ್ನು ಅಡ್ಡಗಟ್ಟುತ್ತವೆ. ಇಡೀ ಗಡ್ಡೆಯನ್ನು ಇವುಗಳಲ್ಲಿ ಮುಚ್ಚಿ, ಬೇಕಾದಾಗ ಬೇಕಾದಷ್ಟೇ ಒಡೆದುಕೊಂಡರೆ ಅದು ಹೆಚ್ಚು ಹೊತ್ತು ಬಾಳುತ್ತದೆ.