ಊರಿಗೆ ಎಷ್ಟು ಗಂಟೆ ದಾರಿ?

ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನೇರ ದೂರ ಸುಮಾರು 14,000 ಕಿಲೋಮೀಟರ್. ಭೂಮಿಯ ಸುತ್ತಳತೆಯೇ 40,000. ಅಂದರೆ ಊರಿನಿಂದ ಇದಕ್ಕಿಂತ ದೂರ ಹೋಗಿ ನೆಲೆಸುತ್ತೇನೆ ಎಂದರೂ ಹೆಚ್ಚು ಜಾಗ ಉಳಿದಿಲ್ಲ ಬಿಡಿ!

ಗೋಡೆಯ ಭೂಪಟ ನೋಡಿ ಈ ದಾರಿಯನ್ನು ಊಹಿಸಬೇಡಿ. ಮಕ್ಕಳ ಗ್ಲೋಬ್ ತೆಗೆದುಕೊಂಡು ಎರಡೂ ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿಯಿರಿ. ಅದು ಅಲಾಸ್ಕಾ ಕಡೆ ಹತ್ತಿ, ಸೈಬೀರಿಯಾದ ಮೇಲಿಂದ ಇಳಿಯುತ್ತದೆ. ನಾವು ಸರಿಸುಮಾರು ಭೂಮಿಯ ಬೆನ್ನ ಹಿಂದೆಯೇ ಇದ್ದೇವೆ. ಹಾಗಾಗಿ ಫ್ರಾಂಕ್‌ಫರ್ಟ್ ಮೇಲೆ ಹೋದರೂ, ಸಿಂಗಪುರದ ಮೇಲೆ ಹೋದರೂ 16,500ರಿಂದ 16,800 ಕಿಲೋಮೀಟರ್ ಆಗುತ್ತದೆ. ಯಾವುದು ಹತ್ತಿರ ಎಂದು ಪಾಟ್‌ಲಕ್‌ಗಳಲ್ಲಿ ವಾದ ಮಾಡುವವರು ದಯವಿಟ್ಟು ಗಮನಿಸಬೇಕು.

2021ರ ಜನವರಿ 9ರಂದು ಏರ್ ಇಂಡಿಯಾದ ಮೊದಲ ನೇರ ವಿಮಾನ ಇಲ್ಲಿಂದ ಹೊರಟಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರೇ. ಉತ್ತರ ಧ್ರುವದ ಮೇಲೆ ಹಾರಿ, ಸುಮಾರು 17 ಗಂಟೆಗಳ ನಂತರ ಬೆಂಗಳೂರಿನಲ್ಲಿ ಇಳಿಯಿತು. ಶನಿವಾರ ರಾತ್ರಿ ಹೊರಟವರು ಸೋಮವಾರ ಬೆಳಗಿನ ಜಾವ ತಲುಪಿದರು. ಭಾನುವಾರ ಆಕಾಶದಲ್ಲೇ ಖರ್ಚಾಯಿತು!

ಆದರೆ ನಮ್ಮ ಊರು ಬೆಂಗಳೂರಲ್ಲ, ಸಾಗರ. 2014ರ ಜೂನ್‌ನಲ್ಲಿ, ನೇರ ವಿಮಾನ ಇಲ್ಲದ ಕಾಲದಲ್ಲಿ, ಒಂದು ಬುಧವಾರ ರಾತ್ರಿ 9 ಗಂಟೆಗೆ ತಂಗಿಯ ಫೋನ್ ಬಂತು. ಅಲ್ಲಿ ಗುರುವಾರ ಬೆಳಿಗ್ಗೆ ಒಂಬತ್ತೂವರೆ. ಅಪ್ಪಯ್ಯ ಹೋಗಿಬಿಟ್ಟಿದ್ದರು. ಆಮೇಲೆ ಅವಳು ಕೇಳಿದ್ದು ಒಂದೇ: "ಅಣ್ಣಾ, ನಿನಗೆ ಬರೋಕೆ ಎಷ್ಟು ಹೊತ್ತು ಬೇಕು?"

ಹಿಂದೆ ಚಿಕ್ಕಪ್ಪ, ಪುರೋಹಿತರು ಮಾತಾಡುವುದು ಕೇಳಿಸುತ್ತಿತ್ತು. ನಾನು ಲೆಕ್ಕ ಹಾಕಿದೆ. ಸಿಕ್ಕುವ ಮೊದಲ ವಿಮಾನ ಮರುದಿನ ಮಧ್ಯಾಹ್ನದ್ದು. ಫ್ರಾಂಕ್‌ಫರ್ಟ್‌ಗೆ 11 ಗಂಟೆ, ಅಲ್ಲಿ ಎರಡು ಗಂಟೆ ಕಾಯುವುದು, ದೇವನಹಳ್ಳಿಗೆ ಇನ್ನೊಂದು ಒಂಬತ್ತು. ನಡುರಾತ್ರಿ ಇಳಿದು, ತಿಪಟೂರು, ಅರಸೀಕೆರೆ, ಕಡೂರು ದಾಟಿ ಮಳೆಯಲ್ಲಿ 350 ಕಿಲೋಮೀಟರ್ ಕಾರು. "ಶನಿವಾರ ಬೆಳಿಗ್ಗೆ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ಕಾಯಬೇಡಿ, ಚಿಕ್ಕಪ್ಪ ಮಾಡಲಿ" ಎಂದು ನಾನೇ ಹೇಳಿದೆ.

ಹೇಳಿದಂತೆಯೇ ಶನಿವಾರ ಒಂಬತ್ತೂವರೆಗೆ ಮನೆಯ ಅಂಗಳದಲ್ಲಿ ಇಳಿದೆ. ಸರಿಯಾಗಿ 48 ಗಂಟೆ. ಅದರಲ್ಲಿ ವಿಮಾನ ಹಾರಿದ್ದು 20 ಗಂಟೆ ಮಾತ್ರ. ಅಸ್ಥಿ ಸಂಚಯನಕ್ಕೆ ನನ್ನನ್ನು ಕಾಯುತ್ತಿದ್ದರು.

ಅಮ್ಮನಿಗೆ ಈ ಲೆಕ್ಕ ಈಗ ಬಾಯಿಪಾಠ. "ನನಗೂ ಕಾಯಿಸಬೇಡ ಅಂತ ಹೇಳಿದ್ದೇನೆ" ಎಂದು ಹಪ್ಪಳ ಒಣಗಿಸುತ್ತಾ, ಹವಾಮಾನ ವರದಿ ಹೇಳಿದಷ್ಟು ಸಲೀಸಾಗಿ ಹೇಳುತ್ತಾರೆ.

ಹೊಸದಾಗಿ ಬಂದಿರುವ ತಮ್ಮ ತಂಗಿಯರಿಗೆ ಒಂದು ಮಾತು. ಟಿಕೆಟ್‌ನಲ್ಲಿ ಬರೆದ ಗಂಟೆಗಳನ್ನಲ್ಲ, ಇಲ್ಲಿನ ಬಾಗಿಲಿನಿಂದ ಅಲ್ಲಿನ ಬಾಗಿಲಿನವರೆಗಿನ ಗಂಟೆಗಳನ್ನು ಒಮ್ಮೆ ಎಣಿಸಿ, ಮನೆಯವರಿಗೂ ಹೇಳಿಡಿ. ಹಾಗೆಯೇ ಪಾಸ್‌ಪೋರ್ಟ್ ತೆಗೆದು ವೀಸಾ ಸ್ಟಾಂಪಿನ ತಾರೀಖು ನೋಡಿ. ಅದು ಮುಗಿದಿದ್ದರೆ ಊರು ತಲುಪಿದರೂ, ವಾಪಸು ಬರಲು ಕಾನ್ಸುಲೇಟ್‌ನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಕು.