ದಾರಿಯಲ್ಲಿ ಪೊಲೀಸರು ಕೈ ತೋರಿದರೆ

ಊರು ಬಿಟ್ಟು ಬಂದ ನಮ್ಮವರಿಗೆ ಬಗೆಬಗೆಯ ಅಂಜಿಕೆಗಳುಂಟು. ಚೌಕದಲ್ಲಿ ನಿಂತ ಪೊಲೀಸರು ಕೈಯೆತ್ತಿ ನಮ್ಮ ಗಾಡಿಯನ್ನು ಬದಿಗೆ ಕರೆಯುವುದು ಅವುಗಳಲ್ಲೊಂದು. ಗಾಡಿಯ ಮೇಲೆ ‘ಕೆಎ’ ಎಂಬ ಅಕ್ಷರಗಳಿದ್ದರಂತೂ ಎದೆ ಇನ್ನಷ್ಟು ಡವಗುಟ್ಟುತ್ತದೆ. ಅಲ್ಲಿಯ ಭಾಷೆ ಪೂರ್ತಿ ಬಾರದು, ಕಚೇರಿಗೆ ಹೊತ್ತಾಗಿರುತ್ತದೆ, ಹಿಂದೆ ಮನೆಯವರು ಕುಳಿತಿರುತ್ತಾರೆ. ಒಂದಿಷ್ಟು ಕೈಗಿತ್ತು ಪಾರಾದರೆ ಸಾಕೆನ್ನುವವರು ನಮ್ಮಲ್ಲಿ ಕೆಲವರು. ‘ತಪ್ಪೇ ಮಾಡದ ನನ್ನನ್ನು ನಿಲ್ಲಿಸಿದ್ದೇಕೆ?’ ಎಂದು ಜಗಳಕ್ಕೆ ನಿಲ್ಲುವವರು ಇನ್ನು ಕೆಲವರು. ಎರಡೂ ಸಲ್ಲದು. ಕಾಯಿದೆ ಏನು ಹೇಳುತ್ತದೆಂದು ತಿಳಿದಿದ್ದರೆ ಅಂಜಿಕೆಗೂ ಎಡೆಯಿಲ್ಲ, ಜಗಳಕ್ಕೂ ಎಡೆಯಿಲ್ಲ.

ಮುಂಬಯಿಯಾಗಲಿ ಚೆನ್ನೈಯಾಗಲಿ, ಎಲ್ಲೆಡೆಗೂ ಅನ್ವಯಿಸುವುದು 1988ರ ಮೋಟಾರು ವಾಹನಗಳ ಕಾಯಿದೆ. 2019ರ ತಿದ್ದುಪಡಿಯಿಂದ ಅದರ ದಂಡಗಳು ಬಹಳ ಏರಿದವು. ಸಂಚಾರವನ್ನು ನಿಯಂತ್ರಿಸುವ ಪೊಲೀಸರ ಸೂಚನೆಯನ್ನು ಪಾಲಿಸತಕ್ಕದ್ದೆಂದು ಅದರ 119ನೆಯ ಕಲಮು ಹೇಳುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಗಾಡಿ ನಡೆಸುವವನು, ಸಮವಸ್ತ್ರದಲ್ಲಿರುವ ಯಾವ ಪೊಲೀಸ್ ಅಧಿಕಾರಿ ಕೇಳಿದರೂ ಲೈಸೆನ್ಸು ತೋರಿಸತಕ್ಕದ್ದೆಂದು 130ನೆಯ ಕಲಮು ವಿಧಿಸುತ್ತದೆ. ಇದರಲ್ಲಿ ಗಮನಿಸತಕ್ಕ ಸಂಗತಿಗಳು ಎರಡು. ಕೇಳುವವರು ಸಮವಸ್ತ್ರದಲ್ಲಿರಬೇಕು ಎಂಬುದು ಒಂದು. ಚಾಲಕನು ತಪ್ಪು ಮಾಡಿದ್ದರೆ ಮಾತ್ರ ಕೇಳಬೇಕೆಂಬ ಷರತ್ತು ಅಲ್ಲಿಲ್ಲ ಎಂಬುದು ಇನ್ನೊಂದು. ಆದುದರಿಂದ ‘ನಾನೇನು ತಪ್ಪು ಮಾಡಿದೆ?’ ಎಂಬ ವಾದ ನಿಲ್ಲುವುದಿಲ್ಲ. ಆದರೆ ಉಸಿರಿನ ಪರೀಕ್ಷೆಯ ಮಾತು ಬೇರೆ. ಕುಡಿದಿರಬಹುದೆಂಬ ಅನುಮಾನಕ್ಕೆ ತಕ್ಕ ಕಾರಣವಿರಬೇಕೆಂದು 203ನೆಯ ಕಲಮು ಹೇಳುತ್ತದೆ.

ಕಾಗದಪತ್ರಗಳನ್ನೆಲ್ಲ ಗಾಡಿಯಲ್ಲಿ ಹೊತ್ತು ತಿರುಗಬೇಕಾಗಿಲ್ಲ. ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ಇಟ್ಟ ಲೈಸೆನ್ಸು, ನೋಂದಣಿ ಪತ್ರಗಳು ಸಲ್ಲುತ್ತವೆ. ವಿದ್ಯುನ್ಮಾನ ರೂಪದಲ್ಲಿ ಸರಿಯೆಂದು ಕಂಡ ಪತ್ರವನ್ನು ಮತ್ತೆ ಕಾಗದದಲ್ಲಿ ಕೇಳಕೂಡದೆಂಬ ನಿಯಮ 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಲೈಸೆನ್ಸಿನ ಫೋಟೋ ತೆಗೆದಿಟ್ಟುಕೊಂಡರೆ ಮಾತ್ರ ಸಾಲದು.

ಇನ್ನು ಪೊಲೀಸರಿಗಿರುವ ಮಿತಿಗಳು. 206ನೆಯ ಕಲಮಿನಂತೆ ಲೈಸೆನ್ಸನ್ನು ವಶಪಡಿಸಿಕೊಳ್ಳಲು ಕಾರಣ ಬೇಕು: ಪತ್ರವು ಸುಳ್ಳೆಂಬ ಅನುಮಾನ, ಚಾಲಕನು ತಪ್ಪಿಸಿಕೊಳ್ಳುವನೆಂಬ ಶಂಕೆ, ಅಥವಾ ಅತಿವೇಗ, ಕುಡಿತ ಮೊದಲಾದ ಕೆಲವು ಗೊತ್ತಾದ ಅಪರಾಧಗಳು. ಹಾಗೆ ತೆಗೆದುಕೊಂಡಾಗ ಬರಹದಲ್ಲಿ ಸ್ವೀಕೃತಿ ಕೊಡಬೇಕು. ನೋಂದಣಿಯಿಲ್ಲದ ಗಾಡಿಯನ್ನೂ ಲೈಸೆನ್ಸೇ ಪಡೆಯದವನು ನಡೆಸುವ ಗಾಡಿಯನ್ನೂ 207ನೆಯ ಕಲಮಿನ ಮೇರೆಗೆ ತಡೆಹಿಡಿಯಬಹುದು. ಚಾವಿ ಕಿತ್ತುಕೊಳ್ಳುವ ಮಾತು ಈ ಕಲಮುಗಳಲ್ಲೆಲ್ಲೂ ಇಲ್ಲ. ಸ್ಥಳದಲ್ಲೇ ದಂಡ ವಸೂಲು ಮಾಡುವ ಅಧಿಕಾರವೂ ರಾಜ್ಯ ಸರಕಾರವು ಅಧಿಸೂಚನೆಯಲ್ಲಿ ಹೆಸರಿಸಿದ ದರ್ಜೆಯವರಿಗೇ ಸೇರಿದ್ದು. ಒಪ್ಪದವರು ದಂಡ ಕಟ್ಟದೆ ನ್ಯಾಯಾಲಯಕ್ಕೆ ಹೋಗಬಹುದು. ಕಟ್ಟಿದವರು ಚಲನ್ ಇಲ್ಲವೆ ರಸೀದಿ ಪಡೆಯಲೇಬೇಕು. ರಸೀದಿಯಿಲ್ಲದ ಹಣ ದಂಡವಲ್ಲ, ಲಂಚ, ಕೊಡುವುದೂ ಅಪರಾಧವೇ.

ನಮ್ಮಂಥವರನ್ನು ಹೆಚ್ಚಾಗಿ ಕಾಡುವುದು 47ನೆಯ ಕಲಮು. ಕರ್ನಾಟಕದಲ್ಲಿ ನೋಂದಾಯಿಸಿದ ಗಾಡಿ ಭಾರತದಲ್ಲೆಲ್ಲ ಓಡಬಹುದು, ನಿಜ. ಆದರೆ ಅದನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ ಅಲ್ಲಿಯ ನಂಬರಿಗೆ ಅರ್ಜಿ ಹಾಕಬೇಕು. ಅದಕ್ಕೆ ಮೊದಲ ಆರ್‌ಟಿಓ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬೇಕು. ಹೊಸ ರಾಜ್ಯದ ತೆರಿಗೆಯನ್ನೂ ಕಟ್ಟಬೇಕು. ಊರಿನ ನಂಬರಿನ ಮೇಲಿನ ಮಮತೆಯಿಂದ ವರ್ಷಗಟ್ಟಲೆ ಸುಮ್ಮನಿದ್ದವರು ಪೊಲೀಸರೆದುರು ಏನೂ ಹೇಳಲಾರರು. ಒಂದು ವರ್ಷ ತುಂಬಿಲ್ಲದವರು ಬಂದ ದಿನ ತೋರಿಸುವ ಕಾಗದವೊಂದನ್ನು, ವರ್ಗಾವಣೆಯ ಆದೇಶವನ್ನೋ ಬಾಡಿಗೆಯ ಕರಾರನ್ನೋ, ಜೊತೆಗಿಟ್ಟುಕೊಳ್ಳುವುದು ಲೇಸು. ಮೇಲಿಂದ ಮೇಲೆ ವರ್ಗವಾಗುವ ಸರಕಾರಿ ನೌಕರರಿಗೂ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಗಳಿರುವ ಕಂಪನಿಗಳ ನೌಕರರಿಗೂ 2021ರ ಸೆಪ್ಟೆಂಬರಿನಿಂದ ‘ಬಿಎಚ್’ ನಂಬರಿನ ಅನುಕೂಲವಿದೆ. ಅಂಥ ಗಾಡಿಗೆ ರಾಜ್ಯ ಬದಲಾದಾಗಲೆಲ್ಲ ನಂಬರು ಬದಲಿಸುವ ಗೋಜಿಲ್ಲ.

ಹೀಗಿರುವಲ್ಲಿ ಪೊಲೀಸರು ಕೈ ತೋರಿದರೆ ಗಾಡಿಯನ್ನು ಬದಿಗೆ ನಿಲ್ಲಿಸೋಣ. ಕೇಳಿದ ಪತ್ರ ತೋರಿಸೋಣ. ತಪ್ಪಿದ್ದರೆ ಯಾವ ಕಲಮೆಂದು ಮೆಲ್ಲಗೆ ಕೇಳೋಣ. ಅಲ್ಲಿಯ ನುಡಿಯಲ್ಲಿ ಒಂದು ಮಾತನ್ನಾದರೂ ಕಲಿತಿರೋಣ. ಪುಣೆಯಲ್ಲಿ ‘ಪಾವತಿ ದ್ಯಾ’, ಹೈದರಾಬಾದಿನಲ್ಲಿ ‘ರಸೀದು ಇವ್ವಂಡಿ’, ಚೆನ್ನೈಯಲ್ಲಿ ‘ರಸೀದು ಕುಡುಂಗ’, ದಿಲ್ಲಿಯಲ್ಲಿ ‘ರಸೀದ್ ದೀಜಿಯೆ’. ಹೊರನಾಡಿನಲ್ಲಿ ಮರ್ಯಾದೆಯಿಂದ ಬಾಳುವವರಿಗೆ ಇಷ್ಟು ತಿಳಿವಳಿಕೆ ಅವಶ್ಯ.